ಕಳೆದುಕೊಂಡ ದೇಶವನ್ನು ಮರಳಿ ಪಡೆಯುವ ಕ್ರಮ: ಎಸ್ಟೋನಿಯಾ ನಡೆದ ದಾರಿ

ಬಾಲ್ಟಿಕ್ ಸಮುದ್ರದ ದಂಡೆಯಲ್ಲಿರುವ ಎಸ್ಟೋನಿಯಾ ವಿಸ್ತೀರ್ಣದಲ್ಲಿ ಕರ್ನಾಟಕದ ಕಾಲು ಭಾಗಕ್ಕೂ ಕಡಿಮೆ. 1989ರ ಜನಗಣತಿಯ ಹೊತ್ತಿಗೆ ಅಲ್ಲಿದ್ದವರು ಸುಮಾರು 15 ಲಕ್ಷ 65 ಸಾವಿರ ಜನ. ಅವರಲ್ಲಿ ಎಸ್ಟೋನಿಯನ್ ಮೂಲದವರು ಶೇ. 61.5 ಮಾತ್ರ. ಇಷ್ಟು ಸಣ್ಣ ದೇಶವು ಐದು ದಶಕ ತನ್ನನ್ನು ಆಳಿದ ಸೋವಿಯತ್ ಒಕ್ಕೂಟದ ಹಿಡಿತದಿಂದ 1991ರ ಆಗಸ್ಟ್‌ನಲ್ಲಿ ಹೊರಬಂದ ಕೆಲಸವನ್ನು ಅದರ ಹಂತಗಳ ಕ್ರಮದಲ್ಲಿ ಬಿಡಿಸಿಡುವುದು ಈ ಬರಹದ ಉದ್ದೇಶ. ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ತಡೆದಿಟ್ಟುಕೊಳ್ಳಬೇಕು, ಎಲ್ಲಿ ಎಡವುವ ಸಂಭವ ಹೆಚ್ಚು ಎಂಬುದನ್ನು ಅವರ ಅನುಭವದಿಂದಲೇ ತೆಗೆದುಕೊಂಡಿದ್ದೇನೆ.

ಒಂದು ಮಿತಿಯನ್ನು ಆರಂಭದಲ್ಲೇ ಹೇಳಬೇಕು. ಹಿಂದೆ ಸ್ವತಂತ್ರ ರಾಷ್ಟ್ರವಾಗಿದ್ದು, ಇತರ ದೇಶಗಳ ಮನ್ನಣೆ ಪಡೆದು, ಆಮೇಲೆ ಬಲಪ್ರಯೋಗಕ್ಕೆ ತುತ್ತಾಗಿ ಇನ್ನೊಂದು ದೇಶದ ವಶಕ್ಕೆ ಹೋದ ನಾಡಿಗೆ ಮಾತ್ರ ಈ ಕ್ರಮ ಹೊಂದುತ್ತದೆ. ಯಾವುದೋ ಒಕ್ಕೂಟದಿಂದ ಹೊಸದಾಗಿ ಬೇರೆಯಾಗಬಯಸುವವರು ಇದನ್ನು ಹಾಗೆಯೇ ಎತ್ತಿಕೊಂಡರೆ ಮೊದಲ ಹೆಜ್ಜೆಯಲ್ಲೇ ಮುಗ್ಗರಿಸುತ್ತಾರೆ, ಏಕೆಂದರೆ ತೋರಿಸಲು ಅವರ ಕೈಯಲ್ಲಿ ಹಳೆಯ ದಾಖಲೆ ಇರುವುದಿಲ್ಲ. ಎಸ್ಟೋನಿಯನ್ನರ ಇಡೀ ಹೋರಾಟ ನಿಂತದ್ದೇ ದಾಖಲೆಯ ಮೇಲೆ.

ಪಹಣಿಯಲ್ಲಿ ಹೆಸರು ಉಳಿಸಿಕೊಳ್ಳುವುದು

ನಮ್ಮ ಕಡೆ ಜಮೀನಿನ ವ್ಯಾಜ್ಯ ಕಂಡವರಿಗೆ ಇದನ್ನು ವಿವರಿಸುವುದು ಸುಲಭ. ಹೊಲವನ್ನು ಬಲವಂತದಿಂದ ಬೇರೆಯವರು ಉಳುತ್ತಿರಬಹುದು, ಬೆಳೆ ಕೊಯ್ಯುತ್ತಿರಬಹುದು, ಬೇಲಿಯನ್ನೂ ಹಾಕಿಕೊಂಡಿರಬಹುದು. ಆದರೆ ಪಹಣಿಯ ಒಂಬತ್ತನೆಯ ಕಲಮಿನಲ್ಲಿ ನಿಮ್ಮ ಹೆಸರು ಇರುವವರೆಗೆ ವ್ಯಾಜ್ಯ ಜೀವಂತ. ಆದ್ದರಿಂದ ಮೊದಲ ಕೆಲಸ ಆ ಹೆಸರು ಅಳಿಸಿಹೋಗದಂತೆ ನೋಡಿಕೊಳ್ಳುವುದು. ಇದು ದಶಕಗಳ ಕೆಲಸ. ಇದರಲ್ಲಿ ಯಾರಿಗೂ ಚಪ್ಪಾಳೆ ಸಿಗುವುದಿಲ್ಲ.

ಎಸ್ಟೋನಿಯಾ 1918ರ ಫೆಬ್ರುವರಿ 24ರಂದು ಸ್ವಾತಂತ್ರ್ಯ ಘೋಷಿಸಿಕೊಂಡಿತು, ಅದಕ್ಕಾಗಿ ಯುದ್ಧ ಮಾಡಿತು, 1920ರ ಫೆಬ್ರುವರಿ 2ರಂದು ಟಾರ್ಟು ನಗರದಲ್ಲಿ ಸೋವಿಯತ್ ರಷ್ಯಾದೊಂದಿಗೆ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿತು. ಆ ನೆಲದ ಮೇಲಿನ ಎಲ್ಲ ಹಕ್ಕುಗಳನ್ನು ಶಾಶ್ವತವಾಗಿ ಬಿಟ್ಟುಕೊಟ್ಟಿದ್ದೇನೆ ಎಂದು ರಷ್ಯಾ ಅದರಲ್ಲಿ ಒಪ್ಪಿಕೊಂಡಿತ್ತು. ಮರುವರ್ಷ, ವಿಶ್ವಸಂಸ್ಥೆಗೆ ಮುಂಚೆ ಇದ್ದ ರಾಷ್ಟ್ರಸಂಘದ ಸದಸ್ಯತ್ವವೂ ಸಿಕ್ಕಿತು. ಇಷ್ಟಾದ ಮೇಲೆ 1939ರ ಆಗಸ್ಟ್ 23ರಂದು ಸೋವಿಯತ್ ಮತ್ತು ಜರ್ಮನ್ ವಿದೇಶಾಂಗ ಸಚಿವರಾದ ಮೊಲೊಟೊವ್ ಮತ್ತು ರಿಬ್ಬೆನ್‌ಟ್ರಾಪ್ ಸಹಿ ಮಾಡಿದ ಒಪ್ಪಂದದ ಗುಪ್ತ ಅನುಬಂಧದಲ್ಲಿ ಸ್ಟಾಲಿನ್ ಮತ್ತು ಹಿಟ್ಲರ್ ಪೂರ್ವ ಯುರೋಪನ್ನು ಹಂಚಿಕೊಂಡರು. 1940ರ ಜೂನ್‌ನಲ್ಲಿ ಕೆಂಪು ಸೇನೆ ದೇಶವನ್ನು ಆಕ್ರಮಿಸಿತು. ಜುಲೈನಲ್ಲಿ ಒಂದೇ ಪಟ್ಟಿಯ ಅಭ್ಯರ್ಥಿಗಳ ಚುನಾವಣೆಯ ನಾಟಕ ನಡೆಯಿತು. ಆಗಸ್ಟ್ 6ರಂದು ಸೋವಿಯತ್ ಒಕ್ಕೂಟ ಅದನ್ನು ತನ್ನೊಳಗೆ ಸೇರಿಸಿಕೊಂಡಿತು. ಅಧ್ಯಕ್ಷ ಕಾನ್‌ಸ್ಟಾಂಟಿನ್ ಪ್ಯಾಟ್ಸ್ ಅವರನ್ನು ಗಡೀಪಾರು ಮಾಡಲಾಯಿತು, ಅವರು 1956ರಲ್ಲಿ ರಷ್ಯಾದ ಮಾನಸಿಕ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು.

ಈ ಸೇರ್ಪಡೆ ಅಧಿಕೃತವಾಗುವುದಕ್ಕೂ ಮುಂಚೆಯೇ, 1940ರ ಜುಲೈ 23ರಂದು, ಅಮೆರಿಕದ ವಿದೇಶಾಂಗ ಇಲಾಖೆಯ ಸಮ್ನರ್ ವೆಲ್ಸ್ ಹೊರಡಿಸಿದ ಹೇಳಿಕೆ ಎಸ್ಟೋನಿಯನ್ನರಿಗೆ ಐವತ್ತು ವರ್ಷ ಆಸರೆಯಾಯಿತು. ಬಲದಿಂದ ಮಾಡಿದ ಈ ಕಬಳಿಕೆಯನ್ನು ತಾನು ಮಾನ್ಯ ಮಾಡುವುದಿಲ್ಲ ಎಂಬ ನಿಲುವನ್ನು ಅಮೆರಿಕ ಕೊನೆಯವರೆಗೂ ಬಿಡಲಿಲ್ಲ. ಅದರ ಫಲವಾಗಿ ನ್ಯೂಯಾರ್ಕಿನಲ್ಲಿ ಎಸ್ಟೋನಿಯಾದ ಕಾನ್ಸುಲೇಟ್ ಒಂದು ದಿನವೂ ಮುಚ್ಚಲಿಲ್ಲ. ಅರ್ನ್ಸ್ಟ್ ಯಾಕ್ಸನ್ ಎಂಬ ರಾಜತಂತ್ರಜ್ಞರು, ತಮ್ಮ ದೇಶ ಭೂಪಟದಲ್ಲೇ ಇಲ್ಲದ ಕಾಲದಲ್ಲಿ, ಅದೇ ದೇಶದ ಪಾಸ್‌ಪೋರ್ಟುಗಳನ್ನು ಬರೆದು, ಮೊಹರು ಒತ್ತಿ, ಸಹಿ ಹಾಕಿ ಕೊಡುತ್ತ ಕೂತರು. ಸರ್ಕಾರವಿಲ್ಲ, ಸೇನೆಯಿಲ್ಲ, ಹಿಂದಿರುಗಿ ಹೋಗಲು ಊರಿಲ್ಲ. ಮೇಜಿನ ಮೇಲೆ ಮೊಹರು ಮಾತ್ರ ಇತ್ತು. 1991ರಲ್ಲಿ ಅಮೆರಿಕಕ್ಕೂ ವಿಶ್ವಸಂಸ್ಥೆಗೂ ರಾಯಭಾರಿ ಬೇಕಾದಾಗ ಹೊಸಬರನ್ನು ಹುಡುಕುವ ಅಗತ್ಯವೇ ಬೀಳಲಿಲ್ಲ.

ದೇಶದ ಹೊರಗೆ ಸರ್ಕಾರವೊಂದನ್ನು ಹೆಸರಿಗಾದರೂ ನಡೆಸಿಕೊಂಡು ಬರುವುದು ಇದೇ ಕೆಲಸದ ಇನ್ನೊಂದು ಭಾಗ. 1944ರ ಸೆಪ್ಟೆಂಬರ್‌ನಲ್ಲಿ, 1941ರಿಂದ ಎಸ್ಟೋನಿಯಾವನ್ನು ಹಿಡಿದಿದ್ದ ಜರ್ಮನ್ ಸೇನೆ ಹಿಂದೆ ಸರಿದು ಸೋವಿಯತ್ ಸೇನೆ ಒಳಬರುವ ನಡುವಿನ ಕೆಲವೇ ದಿನಗಳಲ್ಲಿ ಓಟ್ಟೊ ಟೀಫ್ ನೇತೃತ್ವದ ಸರ್ಕಾರ ರಚನೆಯಾಯಿತು, ರಾಜಧಾನಿ ಟಾಲಿನ್‌ನ ಪಿಕ್ ಹೆರ್ಮನ್ ಗೋಪುರದ ಮೇಲೆ ನೀಲಿ, ಕಪ್ಪು, ಬಿಳಿ ಬಾವುಟ ಹಾರಿತು. ಆ ಸರ್ಕಾರ ಉಳಿಯಲಿಲ್ಲ. ಆದರೆ ಅದರ ವಾರಸುದಾರಿಕೆಯನ್ನು ಹಿಡಿದುಕೊಂಡ ದೇಶಭ್ರಷ್ಟ ಸರ್ಕಾರವು 1953ರಲ್ಲಿ ಓಸ್ಲೊದಲ್ಲಿ ವಿಧಿವತ್ತಾಗಿ ರೂಪುಗೊಂಡು 1992ರವರೆಗೆ ಬದುಕಿತ್ತು. ಹಲವರು ಇದನ್ನು ಮುದುಕರ ಕಾಲಕ್ಷೇಪ ಎಂದು ನಕ್ಕಿದ್ದುಂಟು. ಆ ಮುದುಕರು ಕಾದದ್ದು ಎಷ್ಟು ಬೆಲೆಯದು ಎಂಬುದು ಮುಂದೆ ಬರುತ್ತದೆ.

ಸಣ್ಣ ಪ್ರಶ್ನೆಯಿಂದ ಬಾಯಿ ಬಿಡಿಸುವುದು

ದಾಖಲೆ ಭದ್ರವಾಗಿದ್ದರೂ ದೇಶದೊಳಗಿನ ಜನ ಬಾಯಿ ಬಿಡದಿದ್ದರೆ ಪ್ರಯೋಜನವಿಲ್ಲ. 1941ರ ಜೂನ್‌ನಲ್ಲಿ ಸುಮಾರು ಹತ್ತು ಸಾವಿರ, 1949ರ ಮಾರ್ಚ್‌ನಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರನ್ನು ರೈಲುಗಳಲ್ಲಿ ತುಂಬಿ ಪೂರ್ವಕ್ಕೆ ಸಾಗಿಸಿದ ನೆನಪು ಪ್ರತಿ ಮನೆಯಲ್ಲೂ ಇದ್ದಾಗ, ನೇರವಾಗಿ ಸ್ವಾತಂತ್ರ್ಯ ಬೇಕೆಂದು ಕೇಳಿ ಎಂದರೆ ಯಾರೂ ಮುಂದೆ ಬರುವುದಿಲ್ಲ. ಆದ್ದರಿಂದ ಕೇಳಿದರೆ ಜೈಲು ಖಚಿತವಲ್ಲದ, ಆದರೆ ಎಲ್ಲರಿಗೂ ತಾಗುವ ಪ್ರಶ್ನೆಯೊಂದನ್ನು ಆರಿಸಿಕೊಳ್ಳಬೇಕು.

ಎಸ್ಟೋನಿಯಾದಲ್ಲಿ ಆ ಪ್ರಶ್ನೆ ನೆಲದಡಿಯ ಫಾಸ್ಫರೈಟ್ ಅದಿರಿನಿಂದ ಬಂತು. ವಿರುಮಾ ಪ್ರದೇಶದಲ್ಲಿ ಬೃಹತ್ ಗಣಿ ತೆರೆಯುವ ಮಾಸ್ಕೋದ ಯೋಜನೆ 1987ರ ಆರಂಭದಲ್ಲಿ ಟಿವಿ ಕಾರ್ಯಕ್ರಮವೊಂದರ ಮೂಲಕ ಬಯಲಾಯಿತು. ಅಂತರ್ಜಲ ಕೆಡುತ್ತದೆ ಎಂಬುದು ಒಂದು ಆತಂಕ, ಗಣಿ ಕೆಲಸಕ್ಕೆಂದು ಹೊರಗಿನಿಂದ ಇನ್ನೂ ಸಾವಿರಾರು ಜನರನ್ನು ತಂದು ನೆಲೆಗೊಳಿಸುತ್ತಾರೆ ಎಂಬುದು ಇನ್ನೊಂದು. ಮೊದಲನೆಯದನ್ನು ಗಟ್ಟಿಯಾಗಿ ಹೇಳಿದರು, ಎರಡನೆಯದು ಎಲ್ಲರಿಗೂ ಅರ್ಥವಾಯಿತು. ನೀರಿನ ಬಗ್ಗೆ ಮಾತಾಡುವ ವಿದ್ಯಾರ್ಥಿಯನ್ನು ದೇಶದ್ರೋಹಿ ಎನ್ನುವುದು ಸೋವಿಯತ್ ನಾಯಕ ಗೊರ್ಬಚೇವ್ ಆಡಳಿತದ ಮುಕ್ತ ವಾತಾವರಣದಲ್ಲಿ ಕಷ್ಟವಾಗಿತ್ತು. ಯೋಜನೆ ಕೈಬಿಡಲಾಯಿತು. ಕೇಳಿದರೆ ಸಿಗುತ್ತದೆ ಎಂಬ ರುಚಿ ಜನರಿಗೆ ಹತ್ತಿದ್ದು ಅಲ್ಲಿ.

ಎರಡನೆಯ ಸಣ್ಣ ಪ್ರಶ್ನೆ ಇತಿಹಾಸದ್ದು. ಅದೇ ವರ್ಷ ಆಗಸ್ಟ್ 23ರಂದು, ಗುಪ್ತ ಒಪ್ಪಂದದ ವಾರ್ಷಿಕ ದಿನ, ಹಿಂದೆ ರಾಜಕೀಯ ಕೈದಿಗಳಾಗಿದ್ದ ಟೀಟ್ ಮಾಡಿಸನ್ ಮೊದಲಾದವರು ಟಾಲಿನ್‌ನ ಹಿರ್ವೆ ಉದ್ಯಾನದಲ್ಲಿ ಸಭೆ ಸೇರಿಸಿ, ಆ ಒಪ್ಪಂದದ ಪಠ್ಯವನ್ನು ಪ್ರಕಟಿಸಿ ಎಂದಷ್ಟೇ ಒತ್ತಾಯಿಸಿದರು. ಒಂದು ಕಾಗದ ಪ್ರಕಟಿಸಿ ಎಂಬ ಬೇಡಿಕೆ ನೋಡಲು ಸಾಧು. ಆದರೆ ಪ್ರಕಟವಾದರೆ ಸೇರ್ಪಡೆ ಸ್ವಯಂಪ್ರೇರಿತ ಎಂಬ ಸೋವಿಯತ್ ಕಥೆ ತಾನಾಗಿ ಬೀಳುತ್ತದೆ. 1989ರ ಡಿಸೆಂಬರ್ 24ರಂದು ಮಾಸ್ಕೋದ ಜನಪ್ರತಿನಿಧಿಗಳ ಕಾಂಗ್ರೆಸ್ಸೇ ಗುಪ್ತ ಅನುಬಂಧವನ್ನು ಖಂಡಿಸಿ, ಅದು ಸಹಿಯಾದ ಕ್ಷಣದಿಂದಲೇ ಅಸಿಂಧು ಎಂದು ಒಪ್ಪಿಕೊಂಡಿತು. ಎದುರು ಪಕ್ಷದ ಬಾಯಿಂದಲೇ ಬಂದ ಈ ಒಪ್ಪಿಗೆಗಿಂತ ದೊಡ್ಡ ಸಾಕ್ಷ್ಯ ಇನ್ನೊಂದು ಬೇಕಿರಲಿಲ್ಲ.

ಭಯವನ್ನು ಹೇಗೆ ಅಂಗುಲ ಅಂಗುಲವಾಗಿ ಹಿಂದೆ ತಳ್ಳಬೇಕು ಎಂಬುದಕ್ಕೆ 1988ರ ಏಪ್ರಿಲ್‌ನಲ್ಲಿ ಟಾರ್ಟುವಿನಲ್ಲಿ ಪರಂಪರೆ ಸಂರಕ್ಷಣಾ ಸಂಘದವರು ಮಾಡಿದ್ದನ್ನು ನೋಡಬೇಕು. ತ್ರಿವರ್ಣ ರಾಷ್ಟ್ರಧ್ವಜಕ್ಕೆ ಆಗ ನಿಷೇಧವಿತ್ತು. ಅವರು ಬಾವುಟ ಹಿಡಿಯಲಿಲ್ಲ. ಒಂದು ಕೋಲಿಗೆ ನೀಲಿ ಬಟ್ಟೆ, ಇನ್ನೊಂದಕ್ಕೆ ಕಪ್ಪು, ಮತ್ತೊಂದಕ್ಕೆ ಬಿಳಿ ಕಟ್ಟಿ ಅಕ್ಕಪಕ್ಕದಲ್ಲಿ ಹಿಡಿದರು. ಒಂದೊಂದು ಬಣ್ಣದ ಬಟ್ಟೆಗೆ ನಿಷೇಧವಿರಲಿಲ್ಲ, ಮೂರನ್ನು ಒಟ್ಟಿಗೆ ನೋಡಿದವರಿಗೆ ವಿವರಣೆ ಬೇಕಿರಲಿಲ್ಲ. ಕೆಲವೇ ವಾರಗಳಲ್ಲಿ ಮೂರೂ ಬಣ್ಣ ಒಂದೇ ಬಟ್ಟೆಗೆ ಬಂದವು. 1989ರ ಫೆಬ್ರುವರಿ 24ರಂದು ಅದೇ ಬಾವುಟ ಪಿಕ್ ಹೆರ್ಮನ್ ಗೋಪುರವನ್ನು ಮತ್ತೆ ಏರಿತು.

ಎರಡು ಕೈಗಳಿಂದ ಕೆಲಸ ಮಾಡುವುದು

ಈ ಕ್ರಮದ ತಿರುಳು ಇಲ್ಲಿದೆ, ಮತ್ತು ಹೆಚ್ಚಿನವರು ತಪ್ಪಾಗಿ ತಿಳಿಯುವುದೂ ಇಲ್ಲೇ. ಚಳವಳಿ ಒಂದಾಗಿರಬೇಕು, ಒಬ್ಬ ನಾಯಕ ಇರಬೇಕು, ಒಂದೇ ಸಂಘಟನೆ ಇರಬೇಕು ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಎಸ್ಟೋನಿಯಾದಲ್ಲಿ ಹಾಗಿರಲಿಲ್ಲ. ಅಲ್ಲಿ ಪರಸ್ಪರ ನಂಬದ, ಒಬ್ಬರನ್ನೊಬ್ಬರು ಬಹಿರಂಗವಾಗಿ ಟೀಕಿಸುತ್ತಿದ್ದ ಎರಡು ಗುಂಪುಗಳು ಎರಡು ಬೇರೆ ಬೇರೆ ಕೆಲಸಗಳನ್ನು ಮಾಡಿದವು. ಎರಡರಲ್ಲಿ ಒಂದು ಇಲ್ಲದಿದ್ದರೂ ಫಲ ಬೇರೆಯಾಗುತ್ತಿತ್ತು ಎಂಬುದು ನನ್ನ ಅಭಿಪ್ರಾಯ.

ಮೊದಲನೆಯದು ವ್ಯವಸ್ಥೆಯ ಒಳಗಿನ ಕೈ. 1987ರ ಸೆಪ್ಟೆಂಬರ್ 26ರಂದು ಟಾರ್ಟುವಿನ ಪತ್ರಿಕೆಯೊಂದರಲ್ಲಿ ಎಡ್ಗರ್ ಸವಿಸಾರ್, ಸೀಮ್ ಕಲ್ಲಾಸ್, ಟೀಟ್ ಮಾಡೆ, ಮಿಕ್ ಟಿಟ್ಮಾ ಎಂಬ ನಾಲ್ವರು ಎಸ್ಟೋನಿಯಾಕ್ಕೆ ಆರ್ಥಿಕ ಸ್ವಾಯತ್ತತೆ ಕೊಡಬೇಕೆಂದು ಪ್ರಸ್ತಾಪಿಸಿದರು. ಆ ಯೋಜನೆಯ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ ಅವರ ಭಾಷೆಯಲ್ಲಿ ‘ಪವಾಡ’ ಎಂಬ ಪದವಾಗುತ್ತಿತ್ತು, ಅದೂ ಅದಕ್ಕೆ ನೆರವಾಯಿತು. 1988ರ ಏಪ್ರಿಲ್ 13ರ ರಾತ್ರಿ ಟಿವಿಯ ನೇರ ಪ್ರಸಾರದಲ್ಲಿ ಸವಿಸಾರ್ ಜನತಾ ರಂಗವೊಂದನ್ನು ಕಟ್ಟೋಣ ಎಂದರು. ಕಮ್ಯುನಿಸ್ಟ್ ಪಕ್ಷದ ಸದಸ್ಯರೂ ಸೇರಬಹುದಾದ, ಗೊರ್ಬಚೇವ್ ಸುಧಾರಣೆಗಳಿಗೆ ಬೆಂಬಲ ಎಂಬ ಹೊದಿಕೆಯ ಸಂಘಟನೆ ಅದು. ಎರಡೇ ತಿಂಗಳಲ್ಲಿ ಹಳೆಯ ಪಕ್ಷದ ಮುಖ್ಯಸ್ಥ ಕಾರ್ಲ್ ವೈನೊ ಸ್ಥಾನ ಕಳೆದುಕೊಂಡು ವೈನೊ ವ್ಯಾಲ್ಯಾಸ್ ಬಂದರು. ಅದೇ ವರ್ಷ ನವೆಂಬರ್ 16ರಂದು ಎಸ್ಟೋನಿಯಾದ ಸುಪ್ರೀಂ ಸೋವಿಯತ್, ಅಂದರೆ ಮಾಸ್ಕೋವೇ ಸ್ಥಾಪಿಸಿದ್ದ ಶಾಸನಸಭೆ, ತನ್ನ ನೆಲದಲ್ಲಿ ತನ್ನ ಕಾನೂನೇ ಮೇಲು ಎಂಬ ಸಾರ್ವಭೌಮತ್ವದ ಘೋಷಣೆಯನ್ನು ಅಂಗೀಕರಿಸಿತು. ಸೋವಿಯತ್ ಗಣರಾಜ್ಯಗಳಲ್ಲಿ ಇಂಥ ಘೋಷಣೆ ಅದೇ ಮೊದಲು. 1989ರ ಜನವರಿಯಲ್ಲಿ ಎಸ್ಟೋನಿಯನ್ ಭಾಷೆ ರಾಜ್ಯಭಾಷೆಯಾಯಿತು.

ಎರಡನೆಯದು ಹೊರಗಿನ ಕೈ. ರಾಷ್ಟ್ರೀಯ ಸ್ವಾತಂತ್ರ್ಯ ಪಕ್ಷ ಮತ್ತು ಪರಂಪರೆ ಸಂರಕ್ಷಣಾ ಸಂಘದ ಟುನ್ನೆ ಕೆಲಮ್, ತ್ರಿವಿಮಿ ವೆಲ್ಲಿಸ್ಟೆ ಮೊದಲಾದವರ ವಾದ ಸರಳವಾಗಿತ್ತು: ಸೋವಿಯತ್ ಸಂಸ್ಥೆಯೊಂದು ಎಷ್ಟೇ ಒಳ್ಳೆಯ ನಿರ್ಣಯ ಮಾಡಿದರೂ ಅದು ಆಕ್ರಮಣಕಾರರ ಸಂಸ್ಥೆಯೇ, ಎಸ್ಟೋನಿಯಾ ಗಣರಾಜ್ಯದ ಪರವಾಗಿ ಮಾತಾಡುವ ಹಕ್ಕು ಆ ಗಣರಾಜ್ಯದ ನಾಗರಿಕರಿಗೆ ಮಾತ್ರ. ಹಾಗಾದರೆ ಆ ನಾಗರಿಕರು ಯಾರು, ಎಲ್ಲಿದ್ದಾರೆ? ಪಟ್ಟಿ ಮಾಡೋಣ ಎಂದರು. 1989ರ ಫೆಬ್ರುವರಿಯಿಂದ ಊರೂರಿನಲ್ಲಿ ನಾಗರಿಕರ ಸಮಿತಿಗಳು ಹುಟ್ಟಿಕೊಂಡವು. 1940ರ ಜೂನ್‌ನಲ್ಲಿ ಎಸ್ಟೋನಿಯಾದ ನಾಗರಿಕರಾಗಿದ್ದವರು ಮತ್ತು ಅವರ ಸಂತತಿಯವರು ಬಂದು ಹೆಸರು ಬರೆಸಬೇಕು. ಹಾಗೆ ನಾಗರಿಕರಲ್ಲದವರು ಪೌರತ್ವಕ್ಕೆ ಅರ್ಜಿದಾರರೆಂದು ಹೆಸರು ಕೊಡಬಹುದು. ಸರ್ಕಾರಿ ನೆರವಿಲ್ಲದೆ ಸ್ವಯಂಸೇವಕರೇ ನಡೆಸಿದ ಈ ನೋಂದಣಿಯಲ್ಲಿ ಒಂದು ವರ್ಷದೊಳಗೆ ಏಳು ಲಕ್ಷಕ್ಕೂ ಹೆಚ್ಚು ನಾಗರಿಕರು ಹೆಸರು ಬರೆಸಿದರು. ಕಾನೂನಿನ ಪುಸ್ತಕದಲ್ಲಿ ಮಾತ್ರ ಇದ್ದ ದೇಶಕ್ಕೆ ಹೆಸರು, ವಿಳಾಸ ಇರುವ ಪ್ರಜೆಗಳು ಸಿಕ್ಕರು. 1990ರ ಫೆಬ್ರುವರಿ ಕೊನೆಯಲ್ಲಿ ಅವರೇ ಮತ ಹಾಕಿ ಎಸ್ಟೋನಿಯಾ ಕಾಂಗ್ರೆಸ್ ಎಂಬ ಪ್ರತಿನಿಧಿ ಸಭೆಯನ್ನು ಆರಿಸಿದರು, ಅದು ಮಾರ್ಚ್ 11ರಂದು ಟಾಲಿನ್‌ನಲ್ಲಿ ಸೇರಿತು.

ಒಂದು ವಾರದ ನಂತರ, ಮಾರ್ಚ್ 18ರಂದು, ಸುಪ್ರೀಂ ಸೋವಿಯತ್‌ಗೂ ಮುಕ್ತ ಚುನಾವಣೆ ನಡೆದು ಜನತಾ ರಂಗ ಮುನ್ನಡೆ ಪಡೆಯಿತು, ಸವಿಸಾರ್ ಪ್ರಧಾನಿಯಾದರು. ಹೀಗೆ ಒಂದೇ ನಾಡಿನಲ್ಲಿ ಎರಡು ಸಭೆಗಳಾದವು: ಒಂದರ ಕೈಯಲ್ಲಿ ಬಜೆಟ್, ಪೊಲೀಸ್, ಕಚೇರಿಗಳು, ಇನ್ನೊಂದರ ಕೈಯಲ್ಲಿ ಹಕ್ಕುಪತ್ರ. ಇವು ಕಾದಾಡಿ ಕೆಡಬಹುದಿತ್ತು. ಕೆಡದಿರಲು ಕಾರಣ, ಮೊದಲನೆಯದು ಎರಡನೆಯದರ ವಾದವನ್ನು ತನ್ನದಾಗಿಸಿಕೊಂಡದ್ದು. 1990ರ ಮಾರ್ಚ್ 30ರಂದು ಹೊಸ ಶಾಸನಸಭೆಯೇ, 1940ರ ಆಕ್ರಮಣದಿಂದ ಎಸ್ಟೋನಿಯಾ ಗಣರಾಜ್ಯದ ಅಸ್ತಿತ್ವ ಕಾನೂನಿನ ದೃಷ್ಟಿಯಲ್ಲಿ ನಿಂತುಹೋಗಿಲ್ಲ ಎಂದು ನಿರ್ಣಯಿಸಿ, ಪೂರ್ಣ ಸ್ವಾತಂತ್ರ್ಯದ ಕಡೆಗೆ ಪರಿವರ್ತನೆಯ ಅವಧಿ ಆರಂಭವಾಗಿದೆ ಎಂದು ಘೋಷಿಸಿತು.

ಅದಾದ ನಾಲ್ಕೇ ದಿನಕ್ಕೆ ಮಾಸ್ಕೋ ಒಂದು ಬಲೆ ಬೀಸಿತು. ಒಕ್ಕೂಟದಿಂದ ಹೊರಹೋಗುವ ವಿಧಾನವನ್ನು ಹೇಳುವ ಹೊಸ ಕಾನೂನು ಬಂತು: ಜನಮತಗಣನೆಯಲ್ಲಿ ಮೂರನೇ ಎರಡರಷ್ಟು ಮತ ಬೇಕು, ಆಮೇಲೆ ಐದು ವರ್ಷಗಳವರೆಗಿನ ಪರಿವರ್ತನೆ. ಅದರ ಪ್ರಕಾರ ಅರ್ಜಿ ಹಾಕಿದರೆ ಏನಾಗುತ್ತದೆ ಎಂಬುದನ್ನು ಗಮನಿಸಬೇಕು. ಹೊರಹೋಗಲು ಅನುಮತಿ ಕೇಳುವವನು ತಾನು ಒಳಗೆ ಸಕ್ರಮವಾಗಿ ಬಂದಿದ್ದೆ ಎಂದು ಒಪ್ಪಿಕೊಂಡಂತೆ. ಐವತ್ತು ವರ್ಷ ಕಾಪಾಡಿದ ಪಹಣಿಯ ಹೆಸರನ್ನು ತನ್ನ ಕೈಯಾರೆ ಹೊಡೆದುಹಾಕಿದಂತೆ. ಎಸ್ಟೋನಿಯಾ ಆ ಕಾನೂನನ್ನು ಬಳಸಲಿಲ್ಲ. ಈ ದಾರಿಯಲ್ಲಿ ನಡೆಯುವವರು ನೆನಪಿಡಬೇಕಾದ ಎಚ್ಚರಿಕೆ ಇದು: ಸುಲಭವಾಗಿ ತೆರೆದ ಬಾಗಿಲಿನ ಮೇಲೆ ಏನು ಬರೆದಿದೆ ಎಂದು ಓದದೆ ಒಳಗೆ ಕಾಲಿಡಬಾರದು.

ಗುಂಪನ್ನು ಸೇರಿಸುವುದು, ಗುಂಪನ್ನು ತಡೆಯುವುದು

ಹಾಡಿನ ಕ್ರಾಂತಿ ಎಂಬ ಹೆಸರೇ ಈ ಹೋರಾಟಕ್ಕೆ ಬಂದಿರುವುದರಿಂದ ಹಾಡಿನ ಬಗ್ಗೆ ಬಹಳ ಬರೆಯಲಾಗಿದೆ; ನಾನು ಕಡಿಮೆ ಬರೆಯುತ್ತೇನೆ. 1869ರಲ್ಲಿ ಟಾರ್ಟುವಿನಲ್ಲಿ ಶುರುವಾದ ಗಾಯನೋತ್ಸವದ ಪರಂಪರೆ ಸೋವಿಯತ್ ಕಾಲದಲ್ಲೂ ನಿಂತಿರಲಿಲ್ಲ, ಹೀಗಾಗಿ ಸಾವಿರಾರು ಜನ ಒಂದೆಡೆ ಶಿಸ್ತಿನಿಂದ ನಿಂತು ಒಂದೇ ಸ್ವರದಲ್ಲಿ ಹಾಡುವ ಅಭ್ಯಾಸ ಆ ಜನಕ್ಕೆ ಮೊದಲೇ ಇತ್ತು. 1988ರ ಜೂನ್‌ನ ಬೆಳದಿಂಗಳಿನಂಥ ಉತ್ತರದ ರಾತ್ರಿಗಳಲ್ಲಿ ಟಾಲಿನ್‌ನ ಗಾಯನ ಮೈದಾನದಲ್ಲಿ ಸೇರಿದ ಯುವಜನರು, ಸೆಪ್ಟೆಂಬರ್‌ನಲ್ಲಿ ಅಲ್ಲೇ ಸೇರಿದ ಲಕ್ಷಗಟ್ಟಲೆ ಜನ, ಆ ಅಭ್ಯಾಸವನ್ನು ರಾಜಕೀಯಕ್ಕೆ ತಂದರು. ಹಾಡು ಟ್ಯಾಂಕನ್ನು ನಿಲ್ಲಿಸುವುದಿಲ್ಲ. ಗುಂಪು ಕಲ್ಲು ಎತ್ತದಂತೆ ಮಾತ್ರ ತಡೆಯುತ್ತದೆ, ಮತ್ತು ಕಲ್ಲು ಎತ್ತದಿರುವುದೇ ಅಲ್ಲಿ ಬೇಕಾದ ಬಲವಾಗಿತ್ತು.

ನೆರೆಯವರ ಜೊತೆ ಸೇರಿ ಮಾಡುವ ಕೆಲಸಕ್ಕೆ ಉದಾಹರಣೆ 1989ರ ಆಗಸ್ಟ್ 23ರ ಬಾಲ್ಟಿಕ್ ಸರಪಳಿ. ಟಾಲಿನ್‌ನಿಂದ ಲಾಟ್ವಿಯಾದ ರಿಗಾ ಮೂಲಕ ಲಿಥುವೇನಿಯಾದ ವಿಲ್ನಿಯಸ್‌ವರೆಗೆ, ಆರುನೂರು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ, ಸಂಜೆ 7 ಗಂಟೆಗೆ ಹದಿನೈದು ನಿಮಿಷ ಜನ ಕೈ ಕೈ ಹಿಡಿದು ನಿಂತರು. ಸಂಖ್ಯೆಯ ಅಂದಾಜು ಇಪ್ಪತ್ತು ಲಕ್ಷದವರೆಗೆ ಹೋಗುತ್ತದೆ. ಯಾವ ಊರಿನವರು ರಸ್ತೆಯ ಯಾವ ಭಾಗಕ್ಕೆ ಹೋಗಬೇಕೆಂದು ಮೊದಲೇ ಹಂಚಿಕೆಯಾಗಿತ್ತು, ಬಸ್ಸುಗಳ ಏರ್ಪಾಡಾಗಿತ್ತು, ಎಲ್ಲಿ ಜನ ಕಡಿಮೆ ಎಂಬುದನ್ನು ರೇಡಿಯೊ ಹೇಳುತ್ತಿತ್ತು. ದಿನಾಂಕದ ಆಯ್ಕೆಯೂ ಸುಮ್ಮನೆ ಆದದ್ದಲ್ಲ, ಗುಪ್ತ ಒಪ್ಪಂದಕ್ಕೆ ಅಂದಿಗೆ ಸರಿಯಾಗಿ ಐವತ್ತು ವರ್ಷ.

ಆದರೆ ಗುಂಪು ಸೇರಿಸುವುದಕ್ಕಿಂತ ಕಷ್ಟದ ಕೆಲಸ ಗುಂಪನ್ನು ತಡೆಯುವುದು. 1990ರ ಮೇ 15ರಂದು ಒಕ್ಕೂಟದ ಪರವಾದ, ಬಹುಪಾಲು ರಷ್ಯನ್ ಭಾಷಿಕರ ಸಂಘಟನೆಯಾದ ಇಂಟರ್‌ಮೂವ್‌ಮೆಂಟ್‌ನ ಪ್ರತಿಭಟನಾಕಾರರು ಟಾಲಿನ್‌ನ ತೂಂಪಿಯಾ ಗುಡ್ಡದ ಮೇಲಿನ ಸಂಸತ್ ಭವನದ ಗೇಟು ಮುರಿದು ಒಳಾಂಗಣಕ್ಕೆ ನುಗ್ಗಿದರು. ಪ್ರಧಾನಿ ಸವಿಸಾರ್ ರೇಡಿಯೊದಲ್ಲಿ, ತೂಂಪಿಯಾ ಮೇಲೆ ದಾಳಿಯಾಗುತ್ತಿದೆ ಎಂದು ಮತ್ತೆ ಮತ್ತೆ ಹೇಳಿದರು. ಕೆಲಸ ಬಿಟ್ಟು, ಅಂಗಡಿ ಬಿಟ್ಟು ಬಂದ ಸಾವಿರಾರು ಎಸ್ಟೋನಿಯನ್ನರು ಗುಡ್ಡವನ್ನು ತುಂಬಿದರು, ನುಗ್ಗಿದವರು ಒಳಾಂಗಣದಲ್ಲಿ ಸಿಕ್ಕಿಬಿದ್ದರು. ಆ ಕ್ಷಣ ಯಾರೋ ಒಬ್ಬ ಕೈ ಎತ್ತಿದ್ದರೂ ರಷ್ಯನ್ನರ ರಕ್ಷಣೆಗೆಂದು ಸೇನೆ ಬೀದಿಗಿಳಿಯಲು ನೆಪ ಸಿಗುತ್ತಿತ್ತು. ಜನ ಎರಡು ಬದಿಗೆ ಸರಿದು ನಡುವೆ ಓಣಿ ಬಿಟ್ಟರು. ಪ್ರತಿಭಟನಾಕಾರರು ಬೈಗುಳ ಕೇಳುತ್ತ, ಆದರೆ ಏಟು ತಿನ್ನದೆ, ಆ ಓಣಿಯಲ್ಲಿ ನಡೆದು ಹೊರಗೆ ಹೋದರು. ಇಡೀ ಹೋರಾಟದಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಾಣುವುದು ಆ ಓಣಿ.

ಬಾಗಿಲು ತೆರೆಯುವ ದಿನಕ್ಕೆ ಸಿದ್ಧರಿರುವುದು

ಸಣ್ಣ ದೇಶವು ದೊಡ್ಡ ದೇಶದ ಬಾಗಿಲನ್ನು ತಾನೇ ಒಡೆಯಲಾರದು. ದೊಡ್ಡದು ತಡವರಿಸುವ ಗಳಿಗೆಗೆ ಕಾಯಬೇಕಾಗುತ್ತದೆ. ಆ ಗಳಿಗೆ ಬರುವುದಕ್ಕೆ ಮೊದಲು ಮಾಡಿಟ್ಟುಕೊಳ್ಳಬೇಕಾದ ಒಂದು ಕೆಲಸವೆಂದರೆ ಜನಮತಗಣನೆ. 1991ರ ಜನವರಿ 13ರಂದು ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ ಸೋವಿಯತ್ ಸೇನೆ ಹದಿನಾಲ್ಕು ಜನರನ್ನು ಕೊಂದಿತು. ಟಾಲಿನ್‌ನಲ್ಲಿ ತೂಂಪಿಯಾಕ್ಕೆ ಹೋಗುವ ದಾರಿಗಳಿಗೆ ಬಂಡೆಗಳನ್ನು ತಂದು ಅಡ್ಡ ಹಾಕಿದರು. ಅದೇ ದಿನ ರಷ್ಯಾದ ನಾಯಕ ಬೋರಿಸ್ ಯೆಲ್ತ್ಸಿನ್ ಟಾಲಿನ್‌ಗೆ ಬಂದು ಬಾಲ್ಟಿಕ್ ಗಣರಾಜ್ಯಗಳ ಪರವಾಗಿ ನಿಂತದ್ದು, ಎದುರಾಳಿಯ ಮನೆಯೊಳಗಿನ ಬಿರುಕನ್ನು ಗುರುತಿಸಿ ಅಲ್ಲಿ ಸ್ನೇಹ ಬೆಳೆಸಿದ್ದರ ಫಲ. ಮಾರ್ಚ್ 3ರಂದು, ಎಸ್ಟೋನಿಯಾ ಗಣರಾಜ್ಯದ ಸ್ವಾತಂತ್ರ್ಯವನ್ನು ಮರುಸ್ಥಾಪಿಸಬೇಕೇ ಎಂಬ ಪ್ರಶ್ನೆಯನ್ನು ಎಲ್ಲ ಕಾಯಂ ನಿವಾಸಿಗಳ ಮುಂದೆ ಇಟ್ಟರು. ಶೇ. 82.9 ಜನ ಮತ ಹಾಕಿದರು, ಅವರಲ್ಲಿ ಶೇ. 77.8 ಜನ ಹೌದು ಎಂದರು. ಜನಸಂಖ್ಯೆಯಲ್ಲಿ ಎಸ್ಟೋನಿಯನ್ನರ ಪಾಲು ನೆನೆದರೆ, ರಷ್ಯನ್ ಭಾಷಿಕರಲ್ಲಿಯೂ ಒಂದು ಪಾಲು ಹೌದು ಎಂದದ್ದು ಸ್ಪಷ್ಟ. ಪ್ರಶ್ನೆಯಲ್ಲಿದ್ದ ‘ಮರುಸ್ಥಾಪನೆ’ ಎಂಬ ಪದವನ್ನೂ ಗಮನಿಸಬೇಕು.

ಗಳಿಗೆ ಆಗಸ್ಟ್ 19ರಂದು ಬಂತು. ಮಾಸ್ಕೋದಲ್ಲಿ ಗೊರ್ಬಚೇವ್ ವಿರುದ್ಧ ಕ್ಷಿಪ್ರಕ್ರಾಂತಿ ನಡೆಯಿತು, ರಷ್ಯಾದ ಪ್ಸ್ಕೋವ್ ಕಡೆಯಿಂದ ಸೇನಾ ವಾಹನಗಳ ಸಾಲು ಟಾಲಿನ್ ಕಡೆಗೆ ಹೊರಟಿತು. 20ರ ಇಡೀ ದಿನ ಎರಡು ಸಭೆಗಳ ಪ್ರತಿನಿಧಿಗಳು ಚೌಕಾಸಿ ಮಾಡಿದರು. ಒಬ್ಬರಿಗೆ ತಕ್ಷಣ ಘೋಷಣೆ ಬೇಕು, ಇನ್ನೊಬ್ಬರಿಗೆ ಅದು ಹೊಸ ದೇಶದ ಘೋಷಣೆಯಾಗಬಾರದು. ಕೊನೆಗೆ ಒಪ್ಪಂದವಾದದ್ದು ಹೀಗೆ: ನಿರ್ಣಯವು ಇರುವ ಗಣರಾಜ್ಯದ ಸ್ವಾತಂತ್ರ್ಯವನ್ನು ದೃಢೀಕರಿಸುತ್ತದೆ, ಸಂವಿಧಾನ ರಚಿಸಲು ಎರಡೂ ಸಭೆಗಳಿಂದ ಮೂವತ್ತು ಮೂವತ್ತರಂತೆ ಅರವತ್ತು ಜನರ ಸಂವಿಧಾನ ಸಭೆ. ರಾತ್ರಿ ಹನ್ನೊಂದು ಗಂಟೆ ದಾಟಿದ ಮೇಲೆ, ಉಲೊ ನುಗಿಸ್ ಅಧ್ಯಕ್ಷತೆಯಲ್ಲಿ, ನಿರ್ಣಯದ ಪರವಾಗಿ 69 ಮತ ಬಿದ್ದವು, ವಿರುದ್ಧ ಒಂದೂ ಇಲ್ಲ.

ಮರುದಿನ ಬೆಳಿಗ್ಗೆ ಸೈನಿಕರು ಟಾಲಿನ್‌ನ ಟಿವಿ ಗೋಪುರಕ್ಕೆ ನುಗ್ಗಿದರು. 314 ಮೀಟರ್ ಎತ್ತರದ ಆ ಗೋಪುರದ ಮೇಲಿನ ಅಂತಸ್ತಿನಲ್ಲಿದ್ದ ಬೆರಳೆಣಿಕೆಯ ಕಾವಲುಗಾರರು ಮತ್ತು ರೇಡಿಯೊ ಕೆಲಸಗಾರರು ಲಿಫ್ಟ್ ಬಾಗಿಲಿನ ಸಂದಿಗೆ ಒಂದು ಬೆಂಕಿಪೊಟ್ಟಣ ತುರುಕಿದರು. ಬಾಗಿಲು ಪೂರ್ತಿ ಮುಚ್ಚದೆ ಲಿಫ್ಟ್ ಕೆಳಗೆ ಇಳಿಯುವುದಿಲ್ಲ, ಸೈನಿಕರು ಅಷ್ಟೆತ್ತರ ಮೆಟ್ಟಿಲು ಹತ್ತಬೇಕು. ಒಳಗೆ ನುಗ್ಗಿದರೆ ಬೆಂಕಿ ನಂದಿಸುವ ಅನಿಲವನ್ನು ಬಿಡುತ್ತೇವೆ, ಉಸಿರಾಡಲು ಗಾಳಿ ಇರದು ಎಂದೂ ಬೆದರಿಸಿದರು. ಅಷ್ಟರಲ್ಲಿ ಮಾಸ್ಕೋದ ಕ್ಷಿಪ್ರಕ್ರಾಂತಿ ಕುಸಿಯಿತು, ಸೈನಿಕರು ಹಿಂದಿರುಗಿದರು.

ಘೋಷಣೆಯ ಮರುದಿನದ ಕೆಲಸ

ಮನ್ನಣೆ ಪಡೆಯುವಾಗ ದೊಡ್ಡವರಿಗಾಗಿ ಕಾಯಬಾರದು. ಸಣ್ಣವರಲ್ಲಿ ಧೈರ್ಯ ಬೇಗ ಬರುತ್ತದೆ. ಆಗಸ್ಟ್ 22ರಂದು ಮೊದಲು ಮಾನ್ಯ ಮಾಡಿದ್ದು ಐಸ್‌ಲೆಂಡ್. ಎಸ್ಟೋನಿಯಾದ ವಿದೇಶಾಂಗ ಸಚಿವಾಲಯ ಇರುವ ಚೌಕಕ್ಕೆ ಈಗ ಐಸ್‌ಲೆಂಡಿನ ಹೆಸರಿದೆ. 24ರಂದು ಯೆಲ್ತ್ಸಿನ್‌ರ ರಷ್ಯಾ, ಸೆಪ್ಟೆಂಬರ್ 6ರಂದು ಸೋವಿಯತ್ ಒಕ್ಕೂಟವೇ, 9ರಂದು ಭಾರತ ಮಾನ್ಯ ಮಾಡಿದವು. 17ರಂದು ವಿಶ್ವಸಂಸ್ಥೆಯ ಸದಸ್ಯತ್ವ ಬಂತು. ಹಲವು ದೇಶಗಳಿಗೆ ಹೊಸ ಮನ್ನಣೆ ಕೊಡುವ ಅಗತ್ಯವಿರಲಿಲ್ಲ, ಮುರಿದುಹೋಗಿದ್ದ ರಾಜತಾಂತ್ರಿಕ ಸಂಬಂಧವನ್ನು ಮತ್ತೆ ಜೋಡಿಸಿದರಾಯಿತು. ಇಲ್ಲಿ ಹಳೆಯ ಕಾಗದ ಬಡ್ಡಿ ಸಮೇತ ಫಲ ಕೊಟ್ಟಿತು.

ಅದು ಬರೀ ಮಾತಿನ ಬಡ್ಡಿಯಲ್ಲ. 1940ಕ್ಕೆ ಮೊದಲು ಎಸ್ಟೋನಿಯಾದ ಕೇಂದ್ರ ಬ್ಯಾಂಕು ವಿದೇಶಗಳಲ್ಲಿ ಇಟ್ಟಿದ್ದ ಚಿನ್ನದ ಸಂಗ್ರಹ, ದೇಶ ಮುಂದುವರಿದಿದೆ ಎಂಬ ಆಧಾರದ ಮೇಲೆ, 1992ರಲ್ಲಿ ಮರಳಿ ಬಂತು. ಬ್ರಿಟನ್ ಮತ್ತು ಸ್ವೀಡನ್ ತಾವು ಖಾಲಿ ಮಾಡಿದ್ದ ಪಾಲಿಗೆ ಬದಲಿ ಕೊಟ್ಟವು. ಒಟ್ಟು ಸುಮಾರು 11 ಟನ್. ಆ ಬಲದ ಮೇಲೆ 1992ರ ಜೂನ್ 20ರಂದು ಕ್ರೋನ್ ಎಂಬ ಸ್ವಂತ ನಾಣ್ಯ ಬಂತು: ಹತ್ತು ರೂಬಲಿಗೆ ಒಂದು ಕ್ರೋನ್, ಎಂಟು ಕ್ರೋನಿಗೆ ಒಂದು ಜರ್ಮನ್ ಮಾರ್ಕ್, ಒಬ್ಬರಿಗೆ ಈ ದರದಲ್ಲಿ 1,500 ರೂಬಲಿನವರೆಗೆ ಮಾತ್ರ ಬದಲಾವಣೆ. ಎಷ್ಟೇ ಉಳಿತಾಯ ಮಾಡಿದ್ದರೂ ಕೈಗೆ ಬಂದ ನಗದು ನೂರೈವತ್ತು ಕ್ರೋನ್. ಕಠಿಣವಾಗಿತ್ತು, ಆದರೆ ರೂಬಲಿನ ಹಣದುಬ್ಬರದಿಂದ ದೇಶ ಬೇರೆಯಾದದ್ದು ಹಾಗೆ. ಎಂಟು ದಿನದ ನಂತರ ಸಂವಿಧಾನಕ್ಕೆ ಜನಮತದ ಒಪ್ಪಿಗೆ, ಸೆಪ್ಟೆಂಬರ್ 20ರಂದು ಚುನಾವಣೆ, 32 ವರ್ಷದ ಮಾರ್ಟ್ ಲಾರ್ ಪ್ರಧಾನಿ, ಲೆನಾರ್ಟ್ ಮೇರಿ ಅಧ್ಯಕ್ಷ. ಅಕ್ಟೋಬರ್ 8ರಂದು ದೇಶಭ್ರಷ್ಟ ಸರ್ಕಾರದ ಕೊನೆಯ ಮುಖ್ಯಸ್ಥ ಹೈನ್ರಿಕ್ ಮಾರ್ಕ್ ಟಾಲಿನ್‌ಗೆ ಬಂದು ತಮ್ಮ ಅಧಿಕಾರಪತ್ರವನ್ನು ಮೇರಿಯವರಿಗೆ ಒಪ್ಪಿಸಿದರು. ಓಸ್ಲೊದ ಮುದುಕರು ಹಿಡಿದಿಟ್ಟುಕೊಂಡದ್ದು ಇದಕ್ಕಾಗಿ. ಸೇನೆಯನ್ನು ಹೊರಗೆ ಕಳಿಸುವುದು ಮಾತ್ರ ಕಾಗದದಿಂದ ಆಗಲಿಲ್ಲ. ಎರಡು ವರ್ಷದ ಮಾತುಕತೆಯ ಬಳಿಕ, 1994ರ ಆಗಸ್ಟ್ 31ಕ್ಕೆ, ರಷ್ಯಾದ ಪಡೆಗಳು ಹೊರಟವು.

ಈ ದಾರಿಯ ಬೆಲೆ

ಹಳೆಯ ದೇಶವೇ ಮುಂದುವರಿದಿದೆ ಎಂದ ಮೇಲೆ ಹಳೆಯ ಪೌರತ್ವವೇ ಮುಂದುವರಿಯುತ್ತದೆ. 1992ರ ಫೆಬ್ರುವರಿಯಲ್ಲಿ 1938ರ ಪೌರತ್ವ ಕಾನೂನನ್ನು ಮತ್ತೆ ಜಾರಿಗೆ ತಂದಾಗ, ಸೋವಿಯತ್ ಕಾಲದಲ್ಲಿ ಬಂದು ನೆಲೆಸಿದವರು, ಅವರಿಗೆ ಅಲ್ಲೇ ಹುಟ್ಟಿದ ಮಕ್ಕಳೂ ಸೇರಿ, ಸುಮಾರು ಮೂರನೇ ಒಂದು ಭಾಗ ಜನ ಯಾವ ದೇಶದ ಪೌರರೂ ಅಲ್ಲದಂತಾದರು. ಭಾಷಾ ಪರೀಕ್ಷೆ ಬರೆದು ಪೌರತ್ವ ಪಡೆಯಬಹುದಿತ್ತು. ಬರೆಯದವರ ಕೈಗೆ ಬೂದು ಬಣ್ಣದ ಪಾಸ್‌ಪೋರ್ಟ್ ಬಂತು. ಸಂವಿಧಾನದ ಮೇಲಿನ ಮತದಲ್ಲೂ ಮೊದಲ ಸಂಸತ್ ಚುನಾವಣೆಯಲ್ಲೂ ಅವರಿಗೆ ಹಕ್ಕಿರಲಿಲ್ಲ. ಒಂದು ವರ್ಷದ ಹಿಂದೆ ಸ್ವಾತಂತ್ರ್ಯಕ್ಕೆ ಹೌದು ಎಂದು ಮತ ಹಾಕಿದ್ದ ರಷ್ಯನ್ ಭಾಷಿಕರೂ ಇವರಲ್ಲಿದ್ದರು ಎಂಬುದನ್ನು ಮರೆಯುವಂತಿಲ್ಲ. 1993ರ ಜುಲೈನಲ್ಲಿ ಗಡಿಯ ನಾರ್ವಾ ಮತ್ತು ಸಿಲ್ಲಾಮ್ಯಾ ಪಟ್ಟಣಗಳು ಸ್ವಾಯತ್ತತೆಗಾಗಿ ತಾವೇ ಜನಮತ ನಡೆಸಿದವು. ದೇಶದ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದು ಮಾಡಿತು, ಯುರೋಪಿನ ಮಧ್ಯಸ್ಥಗಾರರು ಬಂದು ಕಾನೂನುಗಳನ್ನು ಸಡಿಲಿಸಲು ಒತ್ತಿದರು. ಆಸ್ತಿಯನ್ನು 1940ರ ಹಿಂದಿನ ಒಡೆಯರಿಗೆ ಮರಳಿಸಿದಾಗ, ಆ ಮನೆಗಳಲ್ಲಿ ದಶಕಗಳಿಂದ ಬಾಡಿಗೆಗಿದ್ದ ಎಸ್ಟೋನಿಯನ್ ಸಂಸಾರಗಳೂ ಬೀದಿಯ ಚಿಂತೆಗೆ ಬಿದ್ದವು. ತರ್ಕ ಎಷ್ಟು ಶುದ್ಧವೋ ಅದರ ಅಂಚು ಅಷ್ಟು ಹರಿತ.

ಅದೇ ಅಂಚು ಗಡಿಯಲ್ಲೂ ಇದೆ. 1920ರ ಟಾರ್ಟು ಒಪ್ಪಂದ ಗುರುತಿಸಿದ ಗಡಿಯೊಳಗಿದ್ದ ಪೆಟ್ಸೇರಿ ಪಟ್ಟಣ ಮತ್ತು ನಾರ್ವಾ ನದಿಯ ಆಚೆಯ ನೆಲವನ್ನು ಸ್ಟಾಲಿನ್ ಕಾಲದಲ್ಲಿ ರಷ್ಯಾಕ್ಕೆ ಸೇರಿಸಲಾಗಿತ್ತು. ಆ ನೆಲವನ್ನು ಬಿಟ್ಟುಕೊಡಲು ಎಸ್ಟೋನಿಯಾ ಸಿದ್ಧವಾಯಿತು, 2005ರ ಮೇ ತಿಂಗಳಲ್ಲಿ ಗಡಿ ಒಪ್ಪಂದಕ್ಕೆ ಸಹಿಯೂ ಆಯಿತು. ಅದನ್ನು ಅನುಮೋದಿಸುವ ಕಾಯಿದೆಯ ಪೀಠಿಕೆಯಲ್ಲಿ ಸಂಸತ್ತು ಟಾರ್ಟು ಒಪ್ಪಂದದ ಹೆಸರನ್ನು ಸೇರಿಸಿತು. ಆ ಹೆಸರು ಕಂಡದ್ದೇ ರಷ್ಯಾ ತನ್ನ ಸಹಿಯನ್ನು ಹಿಂತೆಗೆದುಕೊಂಡಿತು. 2014ರಲ್ಲಿ ಮತ್ತೊಂದು ಒಪ್ಪಂದಕ್ಕೆ ಸಹಿ ಬಿತ್ತು, ಅದೂ ಜಾರಿಗೆ ಬಂದಿಲ್ಲ.